ಕ್ವಾಲಿಟಿ ಡಿಪಾರ್ಟ್‌ಮೆಂಟ್

ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಚುನಾವಣೆ ಮುಗಿದ ಮೇಲೆ ಫ್ಲೆಕ್ಸ್ ಕಟ್ಟುವ ಜಾಗ ಖಾಲಿ ಬಿದ್ದಿರುತ್ತಿತ್ತು. ಗೋವರ್ಧನ ಅದನ್ನು ಹಿಡಿದುಕೊಂಡ. ಹದಿನಾರು ಮಕ್ಕಳ ಮುಖ, ಪ್ರತಿ ತಲೆಯ ಮೇಲೂ ಕಂಪ್ಯೂಟರಿನಲ್ಲಿ ಅಂಟಿಸಿದ ಕಪ್ಪು ಪದವಿ ಟೋಪಿ, ಹಿಂದೆ ಯಾವುದೋ ದೇಶದ ಗಡಿಯಾರ ಗೋಪುರ, ಅಡಿಯಲ್ಲಿ ‘ಗಗನಗಾಮಿ ಓವರ್‌ಸೀಸ್ ಎಜುಕೇಶನ್’. ವೀಸಾ ಕೂಡ ಬಾರದ ಮಕ್ಕಳಿಗೆ ಆಗಲೇ ಟೋಪಿ ಹಾಕಿಯಾಗಿತ್ತು.

ಈ ಗೋವರ್ಧನ ಹತ್ತು ವರ್ಷದ ಹಿಂದೆ ಈಗ ಗಗನಗಾಮಿ ಇರುವ ಅದೇ ಮಹಡಿಯ ಕೋಣೆಯಲ್ಲಿ ಕೂತು ಗಲ್ಫಿಗೆ ಜನ ಕಳಿಸುತ್ತಿದ್ದ. ಡ್ರೈವರ್, ಹೆಲ್ಪರ್, ಅಡುಗೆಯವರು. ಆಗ ಅದಕ್ಕೆ ‘ಕೆಲಸ’ ಎಂಬ ಹೆಸರಿತ್ತು. ಹೋಗುವವರಿಗೂ ಕೆಲಸಕ್ಕೆ ಹೋಗುತ್ತಿದ್ದೇವೆಂದು ಗೊತ್ತಿತ್ತು. ಈಗ ಅವನು ಕುತ್ತಿಗೆಗೆ ಟೈ ಬಿಗಿದು ‘ಶಿಕ್ಷಣ ಸಲಹೆಗಾರ’ನಾಗಿದ್ದ. ಹೋಗುವವರು ಅದೇ ಊರಿನ ಮಕ್ಕಳು, ಹೋಗಿ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ. ಆದರೆ ಕೆಲಸ ಎಂಬ ಮಾತನ್ನು ಆ ಕೋಣೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಕೂಲಿ ಎಂದರೆ ಮಾನ ಹೋಗುತ್ತದೆ. ಓದು ಎಂದರೆ ನೆಂಟರಿಷ್ಟರೆಲ್ಲ ಬಂದು ಶಾಲು ಹೊದೆಸುತ್ತಾರೆ.

ಫ್ಲೆಕ್ಸಿನ ಎರಡನೇ ಸಾಲಿನಲ್ಲಿ ಅಕ್ಕಪಕ್ಕ ಇದ್ದವರು ದಿವ್ಯಾ ಮತ್ತು ಶೈಲೇಶ್.

ದಿವ್ಯಾ ಗಂಗೊಳ್ಳಿಯವಳು. ಅಪ್ಪ ಸುಬ್ಬ ಬೋಟಿಗೆ ಹೋಗುವವನು. ತಿಂಗಳಲ್ಲಿ ಹೆಚ್ಚಿನ ದಿನ ಕಡಲಿನಲ್ಲೇ. ಅಮ್ಮ ಜಲಜ ಮೂವತ್ತು ವರ್ಷದಿಂದ ಮೀನು ಮಾರುವವಳು. ದಿವ್ಯಾ ಎಂಟನೇ ವಯಸ್ಸಿಗೇ ಅಮ್ಮನ ಪಕ್ಕ ಕೂತು, ಮೆಟ್ಟುಕತ್ತಿಯನ್ನು ಕಾಲಿನಲ್ಲಿ ಒತ್ತಿ ಹಿಡಿದು, ಬಂಗುಡೆ ಕೊಯ್ಯಲು ಕಲಿತಿದ್ದಳು. ಆದರೆ ಕುಂದಾಪುರದ ಕಾಲೇಜಿಗೆ ಬಿ.ಕಾಂ.ಗೆ ಸೇರಿದ ಮೇಲೆ ಈ ವಿದ್ಯೆಯನ್ನು ಬಚ್ಚಿಟ್ಟಳು. ಬಸ್ಸು ಹತ್ತುವ ಮೊದಲು ಕೈಗೆ ಲಿಂಬೆಹೋಳು ತಿಕ್ಕುತ್ತಿದ್ದಳು. ಅಮ್ಮನ ಕೆಲಸ ಏನೆಂದು ಕೇಳಿದವರಿಗೆ ‘ಬಿಸಿನೆಸ್’ ಎನ್ನುತ್ತಿದ್ದಳು.

ಶೈಲೇಶ್ ಕೋಟೇಶ್ವರದ ಜೀನಸು ವ್ಯಾಪಾರಿ ಪ್ರೇಮಾನಂದನ ಮಗ. ಆ ಮನೆಯಲ್ಲಿ ನೀರುಳ್ಳಿ ಹೆಚ್ಚಿದರೂ ಕಿಟಕಿ ತೆಗೆದಿಡುತ್ತಿದ್ದರು. ಮಂಗಳೂರು ವಿಮಾನ ನಿಲ್ದಾಣದಲ್ಲಿ ಎರಡೂ ಮನೆಯವರು ಎದುರಾದಾಗ ಪ್ರೇಮಾನಂದ ಜಲಜಳಿಂದ ನಾಲ್ಕು ಹೆಜ್ಜೆ ದೂರ ನಿಂತು ಹೇಳಿದ: “ನಮ್ಮವ್ನಿಗೆ ಅಲ್ಲಿ ಊಟದ್ದೇ ಚಿಂತಿ ಕಾಣಿ. ಮೀನ್ ವಾಸ್ನಿ ಬಂದ್ರ್ ಸಾಕ್, ಎರಡ್ ದಿನ ಉಂಬುದಿಲ್ಲ.”

“ಹೌದಾ? ಹಾಂಗಾರೆ ಅವ ತೆಳು ಆತ,” ಎಂದಳು ಜಲಜ.

ಹಣ ಹೇಗೆ ಹೊಂದಿಸಿದರು ಎಂಬುದು ಎಲ್ಲರ ಮನೆಯಲ್ಲೂ ಒಂದೇ ಕಥೆ, ಬಿಡಿ.

ಇಬ್ಬರೂ ಸೇರಿದ್ದು ಸ್ಕಾಟ್ಲೆಂಡಿನ ಕರಾವಳಿಯ ಒಂದು ಊರಿನಲ್ಲಿ, ಇಂಟರ್‌ನ್ಯಾಷನಲ್ ಬಿಸಿನೆಸ್ ಮ್ಯಾನೇಜ್‌ಮೆಂಟ್ ಎಂಬ ಒಂದು ವರ್ಷದ ಕೋರ್ಸಿಗೆ. ಹೆಸರಿನಷ್ಟು ಉದ್ದ ಪಾಠ ಇರಲಿಲ್ಲ. ವಾರಕ್ಕೆ ಎರಡು ದಿನ ತರಗತಿ. ಅರವತ್ತು ಮಂದಿಯಲ್ಲಿ ನಲವತ್ತು ಮಂದಿ ತೂಕಡಿಸುವವರು, ಉಳಿದವರು ಫೋನಿನಲ್ಲಿ ಮುಂದಿನ ಶಿಫ್ಟ್ ಹುಡುಕುವವರು. ಪಾಠ ಮಾಡುವ ಮೇಷ್ಟರಿಗೂ ಇದು ತಿಳಿದಿತ್ತು. ಪರದೆಯ ಮೇಲಿದ್ದುದನ್ನು ಓದಿ ಮುಗಿಸಿ, ಹಾಜರಿ ಹಾಕಿ, ‘ಥ್ಯಾಂಕ್ ಯು’ ಎಂದು ತಮ್ಮ ಕಾರು ಹತ್ತುತ್ತಿದ್ದರು. ಅವರು ಕಲಿಸಿದಂತೆ ಮಾಡುತ್ತಿದ್ದರು, ಇವರು ಕಲಿತಂತೆ. ವಿಶ್ವವಿದ್ಯಾಲಯಕ್ಕೆ ಫೀಸು ಬೇಕಿತ್ತು, ಊರಿನ ಕಾರ್ಖಾನೆಗಳಿಗೆ ಆಳು ಬೇಕಿತ್ತು. ಎರಡಕ್ಕೂ ಸೇರಿ ಒಂದೇ ವೀಸಾ ಸಾಕಾಗಿತ್ತು.

ಇಬ್ಬರೂ ಬಾಡಿಗೆಗೆ ಇದ್ದ ಮನೆಯಲ್ಲಿ ಬೈಂದೂರಿನ ಅಜಿತ್ ಮತ್ತು ಬ್ರಹ್ಮಾವರದ ಶರ್ಮಿಳಾ ಆಗಲೇ ಒಂದು ವರ್ಷ ಹಳಬರು. ಅಜಿತ್ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದ, ಶರ್ಮಿಳಾ ವೃದ್ಧರ ಮನೆಯಲ್ಲಿ ಹಾಸಿಗೆ ಬದಲಿಸುತ್ತಿದ್ದಳು. ಮನೆಗೆ ಹೇಳುವಾಗ ಒಬ್ಬ ‘ಲಾಜಿಸ್ಟಿಕ್ಸ್’, ಇನ್ನೊಬ್ಬಳು ‘ಹೆಲ್ತ್‌ಕೇರ್’.

“ಕೆಲಸ ಬೇಕಂದ್ರೆ ಏಜೆನ್ಸಿ ವ್ಯಾನ್ ಬತ್ತ್, ಹತ್ತಿ ಕೂತ್ಕಣಿ,” ಎಂದ ಅಜಿತ್. “ಎಲ್ಲಿಗ್ ಹೋತ್ತ್ ಅಂದೆಲ್ಲ ಕೇಂಬುಕಾಗ.”

ಬೆಳಗಿನ ಐದೂವರೆಗೆ ಬಂದ ವ್ಯಾನು ಇಬ್ಬರನ್ನೂ ಒಯ್ದು ಇಳಿಸಿದ್ದು ಒಂದು ಮೀನು ಕಾರ್ಖಾನೆಯ ಎದುರು.

ಕಾರ್ಖಾನೆಯ ಬಾಗಿಲು ತೆಗೆದ ಕೂಡಲೇ ಶೈಲೇಶ್ ಬದಿಗೋಡಿ ಗೋಡೆಯ ಬುಡದಲ್ಲಿ ವಾಂತಿ ಮಾಡಿದ. ದಿವ್ಯಾ ಒಳಗೆ ನಿಂತಳು. ಉದ್ದದ ಉಕ್ಕಿನ ಮೇಜು, ಐಸು, ಬಿಳಿ ಏಪ್ರನ್ನು, ರಬ್ಬರ್ ಬೂಟು, ಮೇಜಿನ ತುಂಬ ಹ್ಯಾಡಕ್ ಎಂಬ ಬೂದು ಮೀನು. ಈ ಮೀನನ್ನು ಅವಳು ಹಿಂದೆ ಕಂಡಿರಲಿಲ್ಲ, ಆದರೆ ಮೀನು ಮೀನೇ. ಮೊಯ್ರಾ ಎಂಬ ಮೇಲ್ವಿಚಾರಕಿ ತೆಳ್ಳನೆಯ ಚೂರಿ ಕೊಟ್ಟು, ಬೆನ್ನಿನ ಮುಳ್ಳಿನ ಗುಂಟ ಹೇಗೆ ಬಿಡಿಸಬೇಕೆಂದು ಎರಡು ಸಲ ತೋರಿಸಿದಳು. ಹತ್ತನೇ ಮೀನಿಗೆ ದಿವ್ಯಾಳ ಕೈ ಮುಳ್ಳಿನ ದಾರಿ ತಾನೇ ಹುಡುಕಿಕೊಂಡಿತು. ಮೊಯ್ರಾ ಪಕ್ಕಕ್ಕೆ ಬಂದು ನಿಂತು ನೋಡಿದಳು.

“ಎಲ್ಲಿ ಕಲಿತೆ ಇದನ್ನು?”

“ಯೂಟ್ಯೂಬಿನಲ್ಲಿ,” ಎಂದಳು ದಿವ್ಯಾ.

ಐದು ಸಾವಿರ ಮೈಲು ದಾಟಿ ಬಂದು, ತನ್ನ ಅಮ್ಮ ಯಾರೆಂದೇ ಗೊತ್ತಿಲ್ಲದ ಹೆಂಗಸಿನ ಮುಂದೆ ಅವಳು ಲಿಂಬೆಹೋಳು ತಿಕ್ಕಿಕೊಂಡಳು.

ಶೈಲೇಶನಿಗೆ ಕಲಿಸುವ ಕೆಲಸವೂ ಅವಳದೇ ಆಯಿತು. ಅವನು ಮೂಗಿಗೆ ಎರಡು ಮಾಸ್ಕ್ ಕಟ್ಟಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ಕೊಯ್ಯುತ್ತಿದ್ದ. ಮೀನಿಗಿಂತ ಹೆಚ್ಚು ತನ್ನ ಬೆರಳನ್ನೇ ಕೊಯ್ದುಕೊಳ್ಳುತ್ತಿದ್ದ. ಮೂರನೇ ತಿಂಗಳಲ್ಲಿ ಮಾಸ್ಕ್ ಬಿಚ್ಚಿದ. ಐದನೇ ತಿಂಗಳಲ್ಲಿ ಶರ್ಮಿಳಾ ಮಾಡಿದ ಮೀನು ಸಾರಿಗೆ ತಟ್ಟೆ ಒಡ್ಡಿದ. ಬಿಡುವಿನ ಹೊತ್ತಿಗೆ ಏಪ್ರನ್ ಕಳಚಿಟ್ಟು, ಕಾರ್ಖಾನೆಯ ಆಫೀಸಿನ ಗಾಜಿನ ಬಾಗಿಲ ಮುಂದೆ ನಿಂತು ಮನೆಗೆ ವಿಡಿಯೋ ಕರೆ ಮಾಡುತ್ತಿದ್ದ.

“ಕ್ವಾಲಿಟಿ ಡಿಪಾರ್ಟ್‌ಮೆಂಟ್ ಅಪ್ಪಾ. ಹೌದ್, ಎ.ಸಿ. ಇತ್ತ್. ಬರೀ ಚಳಿ.”

ಎರಡು ಡಿಗ್ರಿಯಲ್ಲಿ ಮೀನಿನ ಜೊತೆ ನಿಂತವನಿಗೆ ಆ ಕೊನೆಯ ಮಾತು ಸುಳ್ಳೇನೂ ಆಗಿರಲಿಲ್ಲ.

ಪ್ರೇಮಾನಂದ ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಅಕ್ಕಿ ತೂಗುತ್ತ ಹೇಳಿದ, ಚೀಲ ಕಟ್ಟುತ್ತ ಹೇಳಿದ. ದಿವ್ಯಾ ತಾನೇನು ಕಡಿಮೆ ಎಂದು ‘ಆಫೀಸ್ ಕೆಲಸ’ ಎಂದಳು. ಜಲಜ ಅದನ್ನು ಬಂದರಿನಲ್ಲಿ ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ “ಎಂತದೋ ಮಾಡ್ತ್” ಎಂದಳು.

ವರ್ಷ ಕಳೆದು ಇಬ್ಬರೂ ಪಾಸಾದರು. ಫೀಸು ಕಟ್ಟಿದವರು ಯಾರೂ ಅಲ್ಲಿ ಫೇಲಾಗುತ್ತಿರಲಿಲ್ಲ. ಓದು ಮುಗಿದವರಿಗೆ ಅಲ್ಲೇ ಎರಡು ವರ್ಷ ದುಡಿಯುವ ವೀಸಾ ಸಿಕ್ಕಿತು. ಇಂಟರ್‌ನ್ಯಾಷನಲ್ ಬಿಸಿನೆಸ್ ಮ್ಯಾನೇಜ್‌ಮೆಂಟಿನ ಇಬ್ಬರು ಪದವೀಧರರು ಮರುದಿನ ಅದೇ ವ್ಯಾನು ಹತ್ತಿದರು. ಡಿಸೆಂಬರಿನಲ್ಲಿ ಮೂರು ವಾರದ ರಜೆ ಸಿಕ್ಕಿ ಊರಿಗೆ ಬಂದಾಗ ಗೋವರ್ಧನ ಹಾರ ಹಿಡಿದು ಕಾಯುತ್ತಿದ್ದ.

ಕೋಟೇಶ್ವರದ ಒಂದು ಸಭಾಭವನದಲ್ಲಿ ‘ಸಾಧಕರೊಂದಿಗೆ ಸಂವಾದ’ ಏರ್ಪಾಟಾಗಿತ್ತು. ಬೈಂದೂರಿನಿಂದ, ಬ್ರಹ್ಮಾವರದಿಂದ ಬಸ್ಸಿನಲ್ಲಿ ಬಂದ ತಂದೆತಾಯಿಯರು ಕುರ್ಚಿ ತುಂಬಿದ್ದರು. ಇನ್ನೂರಕ್ಕೂ ಹೆಚ್ಚು ಮಂದಿ. ಬಾಗಿಲಲ್ಲಿ ಗುಲಾಬಿ, ಒಳಗೆ ಬಾದಾಮಿ ಹಾಲು. ಪ್ರೇಮಾನಂದ ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿದ ಪಂಚೆಯುಟ್ಟು ಕೂತಿದ್ದ. ಜಲಜ ಬಂದಿರಲಿಲ್ಲ. ಆ ದಿನ ಬೋಟು ಮೀನು ತಂದಿತ್ತು.

ಶೈಲೇಶ್ ಮೊದಲು ಮಾತಾಡಿದ. ಕ್ವಾಲಿಟಿ ಡಿಪಾರ್ಟ್‌ಮೆಂಟಿನಲ್ಲಿ ತಂಡವಾಗಿ ದುಡಿಯುವ ಬಗೆ, ಸಮಯಪಾಲನೆ, ಅಲ್ಲಿಯ ಶಿಸ್ತು. ‘ನಮ್ಮ ಕಂಫರ್ಟ್ ಝೋನಿನಿಂದ ಹೊರಗೆ ಬರಬೇಕು’ ಎಂದ. ಚಪ್ಪಾಳೆ ಬಿತ್ತು. ಮೈಕು ಹಿಡಿದ ಕೈಯ ಹೆಬ್ಬೆರಳಿನಲ್ಲಿ ಮೂರು ಹಳೆಯ ಗಾಯದ ಗೆರೆಗಳಿದ್ದವು. ಅಪ್ಪ ಅವನ್ನು ನೋಡಿದ, ತಕ್ಷಣ ಕುರ್ಚಿಯಲ್ಲಿ ಹೊರಳಿ ಹಿಂದಿನ ಸಾಲಿನವರಿಗೆ “ನಮ್ ಹುಡ್ಗ” ಎಂದ.

ದಿವ್ಯಾ ಕೂಡ ಹೀಗೇ ನಾಲ್ಕು ಮಾತು ಹೇಳಿ ಕೂರುವ ಲೆಕ್ಕದಲ್ಲಿದ್ದಳು. ಹೇಳಿ ಮುಗಿಸಿಯೂ ಆಗಿತ್ತು. ಆಗ ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ಬೈಂದೂರಿನ ಪ್ರೇಕ್ಷಾ; ಬಿ.ಎಸ್ಸಿ. ಕೊನೆಯ ವರ್ಷ, ಕೈಯಲ್ಲೊಂದು ನೋಟುಬುಕ್ಕು.

“ಅಕ್ಕಾ, ಅಲ್ ಲೈಬ್ರರಿ ಹ್ಯಾಂಗಿತ್ತ್? ಎಷ್ಟ್ ಹೊತ್ತಿನ್ ವರಿಗ್ ತೆಗ್ದಿರ್ತ್?”

ದಿವ್ಯಾಳಿಗೆ ಉತ್ತರ ಗೊತ್ತಿರಲಿಲ್ಲ. ಒಂದು ವರ್ಷದಲ್ಲಿ ಅವಳು ಲೈಬ್ರರಿಯ ಒಳಗೆ ಹೋಗಿದ್ದು ಒಂದೇ ಸಲ, ಮಳೆ ಬಂದಾಗ. ಅವಳು ಆ ನೋಟುಬುಕ್ಕನ್ನು ನೋಡಿದಳು. ಆಮೇಲೆ ಬಾಯಿಗೆ ಬಂದದ್ದು ಪುಸ್ತಕದ ಕನ್ನಡವಾಗಿರಲಿಲ್ಲ.

“ನಂಗೊತ್ತಿಲ್ಲೆ ಮಗಾ. ನಾ ಓದುಕೆ ಹೋದ್ದೇ ಅಲ್ಲ. ನಾ ಮೀನ್ ಕೊಯ್ತೆ. ಫ್ಯಾಕ್ಟರಿಯಂಗೆ, ದಿನಾ, ನಿಂತ್ಕಂಡ್. ಕ್ಲಾಸಂಗೆ ನಿದ್ದಿ ಮಾಡಿದೆ. ಸರ್ಟಿಫಿಕೇಟ್ ಕೊಟ್ರ್, ತಂದಿದೆ. ಶೈಲೇಶ ನನ್ ಪಕ್ಕದ್ ಟೇಬಲ್. ಅವ್ನೂ ಮೀನ್ ಕೊಯ್ತ. ಕ್ವಾಲಿಟಿಯೂ ಇಲ್ಲೆ, ಎಂತದೂ ಇಲ್ಲೆ.”

ಹೇಳುತ್ತ ಹೇಳುತ್ತ ಅವಳು ಅತ್ತುಬಿಟ್ಟಳು.

ವೇದಿಕೆಯ ಮೇಲೆ ಗೋವರ್ಧನ ಬೆವರಿದ. ದಿವ್ಯಾ ಕಣ್ಣೊರೆಸಿಕೊಂಡು, ಈಗ ಇವರೆಲ್ಲ ಎದ್ದು ಹೋಗುತ್ತಾರೆ, ಗೋವರ್ಧನನ ಕೊರಳಪಟ್ಟಿ ಹಿಡಿದು ಕೇಳುತ್ತಾರೆ ಎಂದುಕೊಂಡಳು.

ಬ್ರಹ್ಮಾವರದ ಒಬ್ಬ ತಾಯಿ ಕೈ ಎತ್ತಿದಳು.

“ಗಂಟಿಗೆ ಎಷ್ಟ್ ಕೊಡ್ತ್ರ್?”

ಅಷ್ಟೇ ಸಾಕಾಯಿತು. ಕಟ್ಟೆ ಒಡೆದಂತೆ ಇಡೀ ಸಭೆ ಎದ್ದು ನಿಂತಿತು. ಗ್ಲೌಸ್ ಅವರೇ ಕೊಡುತ್ತಾರೋ, ನಾವು ಒಯ್ಯಬೇಕೋ? ಕೋರ್ಸಿಗೆ ಸೇರಿದ ವಾರವೇ ಕೆಲಸ ಸಿಗುತ್ತದೋ? ತರಗತಿಗೆ ಹೋಗದಿದ್ದರೂ ನಡೆಯುತ್ತದೋ? ಒಬ್ಬ ಅಪ್ಪ ಮೇಜಿನವರೆಗೂ ಬಂದು, ತನ್ನ ಮಗಳಿಗೆ ಕೊಯ್ಯಲು ಬಾರದು, ತೊಳೆಯುವ ವಿಭಾಗ ಇದೆಯೇ ಎಂದು ವಿಚಾರಿಸಿದ. ಗೋವರ್ಧನ ಬೆವರು ಒರೆಸಿಕೊಂಡು ಮೈಕು ಕಿತ್ತುಕೊಂಡ. “ಕೇಳಿದಿರಲ್ಲ ಬಂಧುಗಳೇ, ಪ್ರಾಮಾಣಿಕತೆ! ಇದೇ ನಮ್ಮ ಸಂಸ್ಥೆಯ ವಿಶೇಷ. ಕಲಿಕೆಯ ಜೊತೆಗೆ ಗಳಿಕೆ!” ಆ ಸಂಜೆ ಇಪ್ಪತ್ತೇಳು ಮಂದಿ ಹೆಸರು ಬರೆಸಿದರು. ಹಿಂದಿನ ಯಾವ ಸಂವಾದದಲ್ಲೂ ಹತ್ತು ದಾಟಿರಲಿಲ್ಲ.

ಹಿಂದೆ ಸರಿದವಳು ಪ್ರೇಕ್ಷಾ ಒಬ್ಬಳೇ. ಮೊದಲೇ ಕೊಟ್ಟಿದ್ದ ಅರ್ಜಿಯನ್ನು ವಾಪಸು ಕೇಳಿ ಪಡೆದಳು. ಅವಳು ಇಂಗ್ಲಿಷ್ ಪರೀಕ್ಷೆಯಲ್ಲಿ ಬಿದ್ದಳೆಂದು ಗೋವರ್ಧನ ಮರುವಾರವೇ ಬೈಂದೂರಿನಲ್ಲೆಲ್ಲ ಹೇಳಿಕೊಂಡು ಬಂದ.

ಹೊರಗೆ ಪ್ರೇಮಾನಂದ ದಿವ್ಯಾಳನ್ನು ಅಡ್ಡಹಾಕಿದ.

“ಹ್ವಾಯ್, ನಿಲ್. ನಿನ್ ಕೆಲ್ಸವ ನಮ್ಮವ್ನ್ ತಲಿಗ್ ಎಂತಕ್ಕೆ ಕಟ್ಟಿದ್ದ್? ಅವ ಕ್ವಾಲಿಟಿಯಂಗ್ ಇಪ್ಪುದ್.”

“ಅವ್ನ್ ಕೈ ಕಾಣಿ,” ಎಂದಳು ದಿವ್ಯಾ.

“ಕೈ ಎಂತ ಕಾಂಬುದ್? ನಾ ಅವ್ನ್ ಅಪ್ಪ!” ಎಂದು ಪ್ರೇಮಾನಂದ ಕಾರು ಹತ್ತಿದ. ಶೈಲೇಶ್ ಹಿಂದಿನ ಸೀಟಿನಲ್ಲಿ ಎರಡೂ ಕೈಗಳನ್ನು ತೊಡೆಗಳ ನಡುವೆ ಇಟ್ಟುಕೊಂಡು ಕೂತಿದ್ದ. ಅವಳ ಕಡೆ ತಿರುಗಲಿಲ್ಲ.

ದಿವ್ಯಾ ಗಂಗೊಳ್ಳಿಗೆ ಬಂದು ಮುಟ್ಟುವ ಮೊದಲೇ ಸುದ್ದಿ ಬಂದರಿಗೆ ಮುಟ್ಟಿತ್ತು. ಅಮ್ಮ ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ಅಪ್ಪ ಸುಬ್ಬ ಜಗಲಿಯಲ್ಲಿ ಕೂತು ಹರಿದ ಬಲೆ ಹೊಲಿಯುತ್ತಿದ್ದ. ದಿವ್ಯಾ ಅಮ್ಮನ ಎದುರು ಕುಕ್ಕರುಗಾಲಿನಲ್ಲಿ ಕೂತಳು.

“ಸುಳ್ ಹೇಳಿದೆ ಅಮ್ಮ. ನಿಂಗೆ ಬೇಜಾರ್ ಆಯ್ತಾ?”

“ಸುಳ್ ಹೇಳಿದ್ದಕ್ಕೆ ಎಂತ ಬೇಜಾರ್? ನೀ ಫೋನಂಗ್ ಕೈ ತೋರ್ಸದೆ ಮಾತಾಡೂಕೆ ಶುರು ಮಾಡ್ದಾಗ್ಳೇ ನಂಗ್ ಗೊತ್ತಾಯ್ತ್.” ಜಲಜ ಬುಟ್ಟಿಯನ್ನು ಬೋರಲು ಹಾಕಿದಳು. “ಮೀನ್ ಕೊಯ್ತೆ ಅಂದ್ ಹೇಳುಕೆ ಅತ್ತ್ಯಂಬ್ರಲೆ. ಅತ್ತದ್ ಎಂತಕ್ಕೆ?”

ದಿವ್ಯಾ ಇನ್ನೊಂದು ಬುಟ್ಟಿಯನ್ನು ಎಳೆದುಕೊಂಡು ತೊಳೆಯತೊಡಗಿದಳು.

“ನಾ ಮೂವತ್ ವರ್ಷ ಅದೇ ಮಾಡಿದ್ದ್. ಒಂದಿನ ಅತ್ತದ್ ಕಂಡಿದ್ಯಾ? ಇನ್ನೂರ್ ಜನ್ರ್ ಎದ್ರಿಗೆ ನಿಂತ್ಕಂಡ್, ಯಾರೋ ಸತ್ತಾಂಗೆ ಅತ್ತ್ರೆ, ಸತ್ತದ್ ಯಾರ್? ನಾನಾ?”

“ಹಾಂಗಲ್ಲ ಅಮ್ಮ, ಓದ್ಕ್ ಅಂದ್ ಹೋದ್ದಲ್ದಾ...”

“ಓದುಕೆ ಬಿಡ್ಲಿಲ್ಲ ಅಂದ್ ಅಳ್. ಮೋಸ ಮಾಡ್ದ ಅಂದ್ ಅವ್ನ್ ಟೈ ಹಿಡ್ದ್ ಎಳಿ. ಅದ್ ಬೇರೆ. ಮೀನಿಗ್ ಅಳೂಕಾಗ. ನಿಂಗೆ ಆ ದೇಶದಂಗ್ ಅನ್ನ ಹಾಕಿದ್ ನಿನ್ ಸರ್ಟಿಫಿಕೇಟಾ, ನಾ ಕಲ್ಸಿದ್ ಕೈಯಾ?”

ಜಗಲಿಯಿಂದ ಸುಬ್ಬ ಮೊದಲ ಬಾರಿಗೆ ಬಾಯಿ ಬಿಟ್ಟ. “ಅಲ್ ಕೊಯ್ಯುವರಿಗೂ ಹೊಸಬ್ರಿಗೂ ಒಂದೇ ಕೂಲಿಯಾ?”

“ನಂಗೂ ಶೈಲೇಶ್‌ಗೂ ಒಂದೇ. ಏಜೆನ್ಸಿಯವ್ರ್ ಇಬ್ರನ್ನೂ ಹೆಲ್ಪರ್ ಅಂದ್ ಬರ್ದಿದ್ರ್.”

“ಅವ ಎಷ್ಟ್ ಕೊಯ್ತ?”

“ನಾ ಮೂರ್ ಪೆಟ್ಟಿ ಕೊಯ್ದ್ರೆ ಅವ ಒಂದ್.”

ಸುಬ್ಬ ಬಲೆಯನ್ನು ಬದಿಗಿಟ್ಟು ಮಗಳನ್ನು ನೋಡಿದ. ಬೋಟಿನಲ್ಲಿ ಬಲೆ ಎಳೆಯುವವನಿಗೂ ಚುಕ್ಕಾಣಿ ಹಿಡಿಯುವವನಿಗೂ ಒಂದೇ ಪಾಲು ಎಂದು ಯಾರಾದರೂ ಹೇಳಿದ್ದರೆ ಹೇಗೆ ನೋಡುತ್ತಿದ್ದನೋ ಹಾಗೆ. “ಬಿ.ಕಾಂ. ಮಾಡಿದೆ ಅಲ್ದಾ ನೀ?” ಎಂದ.

ನಾಲ್ಕನೇ ದಿನ ಗೋವರ್ಧನ ಮೀನು ಮಾರುಕಟ್ಟೆಗೇ ಬಂದ. ಪ್ಯಾಂಟನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದುಕೊಂಡು, ನೀರಿಲ್ಲದ ಜಾಗ ಹುಡುಕುತ್ತ ಜಲಜಳ ಮುಂದೆ ನಿಂತ. ಅವನಲ್ಲೊಂದು ಯೋಜನೆಯಿತ್ತು. ಹೊರಡುವ ಮಕ್ಕಳಿಗೆ ಎರಡು ವಾರದ ‘ಸೀಫುಡ್ ಪ್ರೊಸೆಸಿಂಗ್ ಓರಿಯಂಟೇಶನ್’. ಕೊನೆಗೊಂದು ಪ್ರಮಾಣಪತ್ರ. ಜಲಜ ತರಬೇತುದಾರಳು.

“ನೀವೇ ಆಯ್ಕ್ ಜಲಜಕ್ಕ. ನಿಮ್ಮಷ್ಟ್ ಅನುಭವ ಯಾರಿಗಿತ್ತ್?”

ಮೂವತ್ತು ವರ್ಷದಲ್ಲಿ ಟೈ ಕಟ್ಟಿದವನೊಬ್ಬ ಅವಳನ್ನು ಅಕ್ಕ ಎಂದದ್ದು ಇದೇ ಮೊದಲು. ಜಲಜ ಕೈಯಲ್ಲಿದ್ದ ಬಂಗುಡೆಯ ಕಿವಿರು ಕಿತ್ತು ಅವನ ಬೂಟಿನ ಪಕ್ಕಕ್ಕೆ ಎಸೆದಳು.

“ಪ್ರಮಾಣಪತ್ರ ಗಿಮಾಣಪತ್ರ ನಂಗ್ ಗೊತ್ತಿಲ್ಲೆ. ನಿಮ್ ದುಡ್ಡೂ ಬ್ಯಾಡ. ಕಲೂಕಿದ್ದವ್ರ್ ಬೆಳಿಗ್ಗೆ ಆರ್ ಗಂಟಿಗೆ ಬಂದರಿಗ್ ಬರ್ಲಿ. ನಮ್ಮೊಟ್ಟಿಗೆ ನೆಲಕ್ಕೆ ಕೂಕಣ್ಲಿ. ನೀವೂ ಬನಿ. ಎಂತ ಮಾರ್ತ್ರಿ ಅಂದ್ ನಿಮ್ಗೂ ಗೊತ್ತಾಯ್ಲಿ.”

ಗೋವರ್ಧನನಿಗೆ ಆಗಲೇ ಒಂದು ತುರ್ತು ಫೋನು ಬಂತು.

ಅವನು ಹೇಳಿ ಕಳಿಸಿದ ಇಪ್ಪತ್ತೇಳು ಮಂದಿಯಲ್ಲಿ ಮೊದಲ ದಿನ ಬಂದವರು ಐವರು. ಕಾರಿನಲ್ಲಿ ಬಂದರು, ಕಾರಿನ ಗಾಜು ಏರಿಸಿಯೇ ಒಂದಷ್ಟು ಹೊತ್ತು ಕೂತಿದ್ದರು. ಇಳಿದ ಒಬ್ಬ ಕೈಗೆ ಆಪರೇಶನ್ ಮಾಡುವ ಗ್ಲೌಸು ಹಾಕಿದ್ದ. ಇನ್ನೊಬ್ಬಳು ಮೀನು ಹಿಡಿದು ಫೋಟೋ ತೆಗೆಸಿಕೊಂಡಳು, ಆದರೆ ಫೋಟೋದಲ್ಲಿ ಮೀನು ಕಾಣದಂತೆ ಕತ್ತರಿಸಿ ಹಾಕಿದಳು. ನೆಲ ಒದ್ದೆಯಾಗಿದೆ, ಕುರ್ಚಿ ಇಲ್ಲವೇ ಎಂದು ಕೇಳಿದರು. ಎರಡನೇ ದಿನ ಇಬ್ಬರು. ಮೂರನೇ ದಿನ ಯಾರೂ ಇಲ್ಲ. ತಮ್ಮೂರಿನ ಬಂದರಿನಲ್ಲಿ ಮೂರು ದಿನ ಕೂರಲಾಗದವರೆಲ್ಲ ಸಮುದ್ರ ದಾಟಿ ಮೂರು ವರ್ಷ ಅದೇ ಕೆಲಸ ಮಾಡಲು ಹಣ ಕಟ್ಟಿ ಸರದಿಯಲ್ಲಿ ನಿಂತಿದ್ದರು. ಇಲ್ಲಿ ಕೊಯ್ದರೆ ಮೀನಿನವರು, ಅಲ್ಲಿ ಕೊಯ್ದರೆ ಫಾರಿನ್ನಿನವರು. ಎಲ್ಲರಿಗೂ ವೀಸಾ ಬಂತು.

ದಿವ್ಯಾ ಜನವರಿಯಲ್ಲಿ ವಾಪಸು ಹೋದಳು. ಹೋಗಬಾರದೆಂದು ಅವಳಿಗೆ ಅನ್ನಿಸಲಿಲ್ಲ. ಹೋಗಿ ಏನು ಮಾಡಬೇಕೆಂಬುದು ಮಾತ್ರ ಈ ಸಲ ತಿಳಿದಿತ್ತು. ಮೊದಲ ವಾರವೇ ಮೊಯ್ರಾಳ ಕೋಣೆಗೆ ಹೋಗಿ, ತನ್ನನ್ನು ಏಜೆನ್ಸಿಯ ಪಟ್ಟಿಯಿಂದ ತೆಗೆದು ಹೆಲ್ಪರಿಗಿಂತ ಕೂಲಿ ಹೆಚ್ಚಿರುವ, ಕಾರ್ಖಾನೆಯದೇ ಕೊಯ್ಯುವವರ ಪಟ್ಟಿಗೆ ಸೇರಿಸಬೇಕೆಂದಳು. ಮೊಯ್ರಾ ತನ್ನ ಕೈಯಲ್ಲೇನೂ ಇಲ್ಲ ಎಂದಳು. ಮ್ಯಾನೇಜರು ‘ಮುಂದೆ ನೋಡೋಣ’ ಎಂದ. ದಿವ್ಯಾ ಏಪ್ರನ್ ಕಳಚಿ ಅವನ ಮೇಜಿನ ಮೇಲಿಟ್ಟು, ರಸ್ತೆಯಾಚೆಯ ಇನ್ನೊಂದು ಕಾರ್ಖಾನೆಗೆ ನಡೆದಳು. ಅಲ್ಲಿ ಒಂದು ಪೆಟ್ಟಿಗೆ ಮೀನು, ಒಂದು ಚೂರಿ ಕೊಟ್ಟು ಪರೀಕ್ಷೆ ಮಾಡಿದರು. ಯಾವ ಪ್ರಮಾಣಪತ್ರವನ್ನೂ ಕೇಳಲಿಲ್ಲ. ಪೆಟ್ಟಿಗೆ ಖಾಲಿಯಾಗುವ ಹೊತ್ತಿಗೆ ಮೇಜಿನ ಸುತ್ತ ನಾಲ್ಕು ಮಂದಿ ನಿಂತಿದ್ದರು. ಮರುದಿನದಿಂದ ಅವಳು ನೇರ ನೌಕರಿಯ ಕೊಯ್ಯುವವಳು. ಏಜೆನ್ಸಿಯ ವ್ಯಾನಿಗೆ ಅವಳು ಮತ್ತೆ ಹತ್ತಲಿಲ್ಲ.

ಅವಳು ಶೈಲೇಶನನ್ನೂ ಕರೆದಳು. ಒಂದು ತಿಂಗಳು ಕೂತು ಕಲಿಸುತ್ತೇನೆ, ನೀನೂ ಬಾ ಎಂದಳು.

“ಕೊಯ್ಯುವವ ಅಂದ್ ಕಾಗದದಂಗೆ ಬರಿತ್ರಲೆ,” ಎಂದ ಅವನು. “ಅಪ್ಪ ಅದನ್ ಕೇಂತ್ರ್. ಹೆಲ್ಪರ್ ಅಂದ್ರೆ ಯಾರಿಗೂ ಎಂತದ್ ಅಂದ್ ಗೊತ್ತಾತಿಲ್ಲೆ.”

ಅವಳಿಗೆ ಕೋಪ ಬರುವುದು ನಿಂತುಹೋಗಿತ್ತು. ಸರಿ ಎಂದಳು.

ಮಾರ್ಚಿನಲ್ಲಿ ಗಗನಗಾಮಿಯ ಹೊಸ ತಂಡ ಬಂತು. ದಿವ್ಯಾ ಇದ್ದ ಕಾರ್ಖಾನೆಗೂ ಏಜೆನ್ಸಿ ಮೂವರನ್ನು ಕಳಿಸಿತು. ಅವರಲ್ಲಿ ಬ್ರಹ್ಮಾವರದ ಸೌಮ್ಯಶ್ರೀ ಒಬ್ಬಳು. ಎಂ.ಕಾಂ.ನಲ್ಲಿ ಮೊದಲ ದರ್ಜೆ. ಮನೆಯವರಿಗೆ ಏನು ಹೇಳಿ ಬಂದಿದ್ದಾಳೆಂದು ದಿವ್ಯಾ ಕೇಳಲಿಲ್ಲ. ಹುಡುಗಿ ಮೇಜಿನ ಮೇಲಿನ ಮೀನನ್ನು ನೋಡಿದಳು, ತನ್ನ ಬೂಟನ್ನು ನೋಡಿದಳು, ತುಟಿ ನಡುಗತೊಡಗಿತು.

“ಅಳುದಾರೆ ಈಗ್ಳೇ ಅತ್ತ್ ಮುಗ್ಸ್,” ಎಂದಳು ದಿವ್ಯಾ, ಚೂರಿಯನ್ನು ಹಿಡಿಯ ಕಡೆಯಿಂದ ಅವಳಿಗೆ ಕೊಡುತ್ತ. “ಆಮೇಲ್ ಹೆಬ್ಬೆರಳ್ ಇಲ್ ಇಡ್. ಬಾಲದ್ ಬದಿಯಿಂದ ಅಲ್ಲ. ತಲಿ ಬದಿಯಿಂದ ಶುರು ಮಾಡ್.”